ಹಳೆಯ ವ್ಯಾನಗನ್‌ಗೆ ಸುಬಾರು ಎಂಜಿನ್ ಕೂರಿಸಿದ್ದು

ಕ್ಯಾಲಿಫೋರ್ನಿಯಾದ ಬಯಲಿನಿಂದ ಯೊಸೆಮಿಟಿಯ ಕಡೆಗೆ ಏರುವ 120ನೇ ಹೆದ್ದಾರಿಯಲ್ಲಿ ಪ್ರೀಸ್ಟ್ ಗ್ರೇಡ್ ಎಂಬ ಘಾಟಿ ಸಿಗುತ್ತದೆ. 2021ರ ಜುಲೈ ತಿಂಗಳಲ್ಲಿ ನಮ್ಮ 1987ರ ಫೋಕ್ಸ್‌ವ್ಯಾಗನ್ ವ್ಯಾನಗನ್ ಆ ಘಾಟಿಯನ್ನು ಎರಡನೇ ಗೇರಿನಲ್ಲಿ ಹತ್ತುತ್ತಿತ್ತು. ಹಿಂದೆ ಕಾರುಗಳ ಸಾಲು, ಒಳಗೆ ಹೆಂಡತಿ, ಇಬ್ಬರು ಮಕ್ಕಳು, ನಾಲ್ಕು ದಿನದ ಅಡುಗೆಯ ಸಾಮಾನು. ಘಾಟಿಯ ತಲೆ ಮುಟ್ಟಲು ಇನ್ನೆರಡು ತಿರುವು ಇರುವಾಗ ತಾಪದ ಮುಳ್ಳು ಮೇಲಕ್ಕೆ ಸರಿದು ಕೆಂಪು ದೀಪ ಮಿಣುಕತೊಡಗಿತು. ರಸ್ತೆಯಂಚಿನಲ್ಲಿ ನಿಲ್ಲಿಸಿ ಹಿಂಬಾಗಿಲು ಎತ್ತಿದಾಗ ಎಂಜಿನ್ನಿನ ಸಂದಿಯಿಂದ ಹಬೆ ಏಳುತ್ತಿತ್ತು. ನನ್ನ ಸೋದರಮಾವನ ಮೆಟಡೋರ್ ಗುಂಡ್ಯದಿಂದ ಸಕಲೇಶಪುರಕ್ಕೆ ಶಿರಾಡಿ ಹತ್ತುವಾಗ ಎರಡು ಕಡೆಯಾದರೂ ಹೀಗೆಯೇ ನಿಲ್ಲುತ್ತಿತ್ತು. ಹಳ್ಳದಿಂದ ಕ್ಯಾನಿನಲ್ಲಿ ನೀರು ತರುವುದು ನನ್ನ ಕೆಲಸವಾಗಿತ್ತು. ಮಾವ ಎಂಜಿನ್ನನ್ನು ಎಂದೂ ಬೈದವರಲ್ಲ. ‘ನೀರು ಎಲ್ಲಿ ಹೋಯಿತು ನೋಡು’ ಎನ್ನುತ್ತಿದ್ದರು. ಮುಂದಿನ ಹದಿನಾಲ್ಕು ತಿಂಗಳಲ್ಲಿ ಆ ಮಾತು ನನಗೆ ಎಷ್ಟು ಸಲ ನೆನಪಾಯಿತೋ ಲೆಕ್ಕವಿಲ್ಲ.

ವ್ಯಾನಗನ್ ಎಂಬುದು ಫೋಕ್ಸ್‌ವ್ಯಾಗನ್‌ನ ಮೂರನೆಯ ತಲೆಮಾರಿನ ವ್ಯಾನಿಗೆ ಅಮೆರಿಕದಲ್ಲಿದ್ದ ಹೆಸರು. ಎಂಜಿನ್ ಹಿಂದೆ, ರೇಡಿಯೇಟರ್ ಮುಂದೆ. ನಡುವೆ ಗಾಡಿಯ ಹೊಟ್ಟೆಯ ಕೆಳಗೆ ಉದ್ದಕ್ಕೂ ಹಾದುಹೋಗುವ ಎರಡು ನೀರಿನ ಕೊಳವೆಗಳು. ನಮ್ಮದು ವೆಸ್ಟ್‌ಫಾಲಿಯಾ ಮಾದರಿ: ಮೇಲೆತ್ತುವ ಚಾವಣಿ, ಎರಡು ಒಲೆ, ಸಿಂಕು, ಸಣ್ಣ ಫ್ರಿಜ್ಜು, ಇಬ್ಬಿಬ್ಬರು ಮಲಗುವ ಎರಡು ಹಾಸಿಗೆ. ಜನ ಮತ್ತು ಸಾಮಾನು ತುಂಬಿದರೆ ತೂಕ ಎರಡು ಟನ್ನು ಮೀರುತ್ತದೆ. ಇದನ್ನು ಎಳೆಯಲು ಇದ್ದದ್ದು 2.1 ಲೀಟರಿನ, ನೀರಿನಿಂದ ತಂಪಾಗುವ ವಾಸರ್‌ಬಾಕ್ಸರ್ ಎಂಜಿನ್, ಹೊಸದಿದ್ದಾಗ 95 ಅಶ್ವಶಕ್ತಿ. ಮೂವತ್ತನಾಲ್ಕು ವರ್ಷ ದುಡಿದ ಮೇಲೆ ಅದರಲ್ಲಿ ಎಷ್ಟು ಉಳಿದಿತ್ತೋ. ಈ ಎಂಜಿನ್ನಿನ ಹೆಡ್ಡುಗಳು, ಎಂದರೆ ಸಿಲಿಂಡರಿನ ಬಾಯಿ ಮುಚ್ಚುವ ಭಾಗಗಳು, ಅಲ್ಯೂಮಿನಿಯಮ್ಮಿನವು, ನೀರಿನ ಕವಚವನ್ನು ಮುಚ್ಚಿಹಿಡಿಯುವುದು ರಬ್ಬರಿನ ಗ್ಯಾಸ್ಕೆಟ್. ನೀರಿನ ಜೊತೆ ಸರಿಯಾದ ಕೂಲೆಂಟ್ ಎಂಬ ತಂಪುದ್ರವ ಹಾಕಿ, ಕಾಲಕಾಲಕ್ಕೆ ಬದಲಿಸುತ್ತ ಬಂದರೆ ಬಾಳಿಕೆ ಬರುತ್ತದೆ. ನಮ್ಮ ಗಾಡಿ ಎಷ್ಟೋ ವರ್ಷ ಬರಿಯ ನಲ್ಲಿ ನೀರಿನಲ್ಲೇ ಓಡಿತ್ತೆಂದು ಹೆಡ್ಡು ಬಿಚ್ಚಿದ ದಿನ ತಿಳಿಯಿತು: ಗ್ಯಾಸ್ಕೆಟ್ ಕೂರುವ ಅಂಚು ಗೆದ್ದಲು ತಿಂದ ಹಲಗೆಯ ಹಾಗೆ ಕುಳಿ ಬಿದ್ದಿತ್ತು.

ಹಳೆಯ ಎಂಜಿನ್ನನ್ನೇ ಪೂರ್ತಿ ರಿಪೇರಿ ಮಾಡಿಸುವ ದಾರಿ ಇತ್ತು, ಅದನ್ನು ಕೆಲವು ವಾರ ಗಂಭೀರವಾಗಿಯೇ ಯೋಚಿಸಿದೆ. ಮೂಲ ಎಂಜಿನ್ನಿಗೆ ನಿಷ್ಠರಾಗಿರುವವರ ಮೇಲೆ ನನಗೆ ಗೌರವವಿದೆ. ಆದರೆ ಎರಡು ಹೊಸ ಹೆಡ್ಡು, ಪಿಸ್ಟನ್ನು, ಲೈನರು, ಯಂತ್ರಶಾಲೆಯ ಕೂಲಿ ಎಲ್ಲ ಸೇರಿಸಿದರೆ ಆಗುವ ಖರ್ಚು, ಬೇರೆ ಎಂಜಿನ್ ಕೂರಿಸುವ ಖರ್ಚಿಗೆ ಹೆಚ್ಚು ಕಡಿಮೆ ಸಮನಾಗುತ್ತಿತ್ತು, ಕೊನೆಗೆ ಕೈಗೆ ಬರುವುದು ಅದೇ 95 ಅಶ್ವಶಕ್ತಿ. ವ್ಯಾನಗನ್ ಇಟ್ಟುಕೊಂಡವರ ನಡುವೆ ಬಹಳ ಹಿಂದಿನಿಂದ ರೂಢಿಯಲ್ಲಿರುವ ಬದಲಿ ಎಂಜಿನ್ ಜಪಾನಿನ ಸುಬಾರು ಕಂಪನಿಯ ಇಜೆ22. ಅದೂ ವಾಸರ್‌ಬಾಕ್ಸರ್‌ನಂತೆಯೇ ನಾಲ್ಕು ಸಿಲಿಂಡರ್ ಎದುರುಬದುರು ಮಲಗಿರುವ ಎಂಜಿನ್ನಾದ್ದರಿಂದ ಗಿಡ್ಡವಾಗಿದೆ, ಅಗಲವಾಗಿದೆ, ಹಿಂದಿನ ಹಾಸಿಗೆಯ ಕೆಳಗಿನ ಗೂಡಿನಲ್ಲಿ ಹಿಡಿಸುತ್ತದೆ. ಫ್ಲೈವೀಲಿನ, ಎಂದರೆ ಗೇರ್‌ಬಾಕ್ಸ್ ಸೇರುವ ಕಡೆಯಿಂದ ನೋಡಿದಾಗ ಎರಡೂ ಒಂದೇ ದಿಕ್ಕಿಗೆ ತಿರುಗುವುದರಿಂದ ವ್ಯಾನಿನ ಗೇರ್‌ಬಾಕ್ಸನ್ನು ಹಾಗೆಯೇ ಉಳಿಸಿಕೊಳ್ಳಬಹುದು. 2.2 ಲೀಟರಿಗೆ 130 ಅಶ್ವಶಕ್ತಿ ಕೊಡುತ್ತದೆ. ಇನ್ನೂ ದೊಡ್ಡದಾದ 2.5 ಲೀಟರಿನ ಎಂಜಿನ್, ಆರು ಸಿಲಿಂಡರಿನದು, ಟರ್ಬೋ ಇರುವುದು ಎಂದು ಆಸೆ ಹುಟ್ಟಿಸುವ ಆಯ್ಕೆಗಳು ಬೇಕಾದಷ್ಟಿವೆ. ನಾನು ಅವುಗಳ ಕಡೆ ನೋಡಲಿಲ್ಲ. ಈ ಗೇರ್‌ಬಾಕ್ಸ್ ಸಾಧಾರಣ ಬಲಕ್ಕೆಂದು ಮಾಡಿದ್ದು. ನೊಗಕ್ಕೆ ತಕ್ಕ ಎತ್ತು ಕಟ್ಟಬೇಕಲ್ಲದೆ ಎತ್ತು ಬಲವಾಗಿದೆಯೆಂದು ನೊಗ ಮುರಿಯುವವರೆಗೆ ಎಳೆಸುವುದರಲ್ಲಿ ಅರ್ಥವಿಲ್ಲವೆಂಬುದು ನನ್ನ ಅಭಿಪ್ರಾಯ.

ಫ್ರೀಮಾಂಟಿನ ನಮ್ಮ ಮನೆಯಿಂದ ಒಂದು ಗಂಟೆಯ ದೂರದಲ್ಲಿ ಹಿಂದಿನಿಂದ ಡಿಕ್ಕಿ ಹೊಡೆಸಿಕೊಂಡ 1994ರ ಸುಬಾರು ಲೆಗಸಿ ಕಾರೊಂದು ಇಡಿಯಾಗಿ ಮಾರಾಟಕ್ಕಿತ್ತು. ಎಂಜಿನ್ನಿನ ಜೊತೆಗೆ ಅದರ ಕಂಪ್ಯೂಟರು, ವೈರಿಂಗು, ಸೆನ್ಸರುಗಳು, ಪೆಟ್ರೋಲ್ ಆವಿಯನ್ನು ಹಿಡಿದಿಡುವ ಇದ್ದಿಲಿನ ಡಬ್ಬಿ ಎಲ್ಲವೂ ಬೇಕಾಗಿದ್ದವಾದ್ದರಿಂದ, ಬಿಡಿ ಎಂಜಿನ್ನಿಗಿಂತ ಇಡೀ ಕಾರನ್ನು ಕೊಳ್ಳುವುದೇ ಲೇಸಾಗಿತ್ತು. 1994 ಎಂಬ ವರ್ಷವನ್ನೂ ಬೇಕೆಂದೇ ಆರಿಸಿದೆ. ಕ್ಯಾಲಿಫೋರ್ನಿಯಾದ ನಿಯಮದಂತೆ ಹೊಸದಾಗಿ ಕೂರಿಸುವ ಎಂಜಿನ್ ಗಾಡಿಯ ವರ್ಷದ್ದಾಗಿರಬೇಕು, ಇಲ್ಲವೇ ಅದಕ್ಕಿಂತ ಈಚಿನದಾಗಿರಬೇಕು, ಹೊಗೆ ನಿಯಂತ್ರಣಕ್ಕೆಂದು ಆ ಎಂಜಿನ್ನಿನ ಜೊತೆ ಬಂದ ಪ್ರತಿಯೊಂದು ಭಾಗವೂ ಅದರ ಜೊತೆಗೇ ಬರಬೇಕು. 1996ರ ನಂತರದ ಎಂಜಿನ್ನುಗಳಲ್ಲಿ ಈ ಭಾಗಗಳೂ ಅವುಗಳ ಮೇಲಿನ ಕಂಪ್ಯೂಟರಿನ ಕಣ್ಗಾವಲೂ ಹೆಚ್ಚು.

ವ್ಯಾನಗನ್‌ನ ಎಂಜಿನ್ ಇಳಿಯುವುದು ಕೆಳಕ್ಕೆ. ಗಾಡಿಯನ್ನು ಸ್ಟ್ಯಾಂಡುಗಳ ಮೇಲೆ ಎತ್ತಿ, ಗೇರ್‌ಬಾಕ್ಸಿಗೆ ಆಸರೆ ಕೊಟ್ಟು, ಮೋಟಾರ್‌ಸೈಕಲ್ ಎತ್ತುವ ಅಗಲದ ಜಾಕಿನ ಮೇಲೆ ಹಳೆಯ ಎಂಜಿನ್ನನ್ನು ಇಳಿಸಿದ್ದು ಒಂದು ಶನಿವಾರದ ಕೆಲಸ. ಇದಕ್ಕೆ ಹೆಚ್ಚು ಮಾತು ಬೇಡ.

ಸುಬಾರು ಎಂಜಿನ್ನನ್ನು ಗ್ಯಾರೇಜಿನ ಮರದ ಚೌಕಟ್ಟಿನ ಮೇಲೆ ಕೂರಿಸಿಕೊಂಡು ಆರು ವಾರ ಕಳೆದೆ. ಟೈಮಿಂಗ್ ಬೆಲ್ಟು, ವಾಟರ್ ಪಂಪು, ನೀರಿನ ಬಿಸಿ ನೋಡಿ ದಾರಿ ತೆರೆಯುವ ಥರ್ಮೋಸ್ಟಾಟು, ಎಲ್ಲ ಆಯಿಲ್ ಸೀಲುಗಳು ಹೊಸವು. ಹಿಂಬದಿಯ ಆಯಿಲ್ ಸೆಪರೇಟರಿನ ಪ್ಲಾಸ್ಟಿಕ್ ತಟ್ಟೆ ಕಾಲಕ್ರಮದಲ್ಲಿ ಸೊಟ್ಟಗಾಗಿ ಜಿನುಗುತ್ತದೆ, ಅದಕ್ಕೆ ಲೋಹದ ತಟ್ಟೆ. ಆಯಿಲ್ ಪಂಪನ್ನು ಬಿಚ್ಚಿ ಮಗುಚಿ ನೋಡಿದಾಗ ಅದರ ಬೆನ್ನಿನ ಮುಚ್ಚಳ ಹಿಡಿದಿರುವ ಪುಟ್ಟ ಸ್ಕ್ರೂಗಳಲ್ಲಿ ಮೂರು, ಬೆರಳಿನಿಂದಲೇ ತಿರುಗುವಷ್ಟು ಸಡಿಲವಾಗಿದ್ದವು. ಹೊರಗಿನಿಂದ ನೋಡಿದರೆ ಎಂದೂ ಕಾಣದ ಜಾಗ ಅದು. ಅವು ಸಡಿಲವಾದರೆ ಆಯಿಲ್ ಒತ್ತಡ ಇಳಿಯುತ್ತದೆ. ಒಂದೊಂದನ್ನೂ ತೆಗೆದು, ಎಣ್ಣೆ ಒರೆಸಿ, ಎಳೆಗಳಿಗೆ ಲಾಕ್‌ಟೈಟ್ ಎಂಬ ಅಂಟು ಹಚ್ಚಿ ಮತ್ತೆ ಬಿಗಿದೆ. ಎಂಜಿನ್ ಬದಲಿಸುವ ಆಲೋಚನೆ ಇರುವವರಿಗೆ ನಾನು ಕೇಳಿಕೊಳ್ಳುವುದು ಇದೊಂದನ್ನೇ: ಹೊರಗಿರುವಾಗ ಒಂದು ಗಂಟೆಯಲ್ಲಿ ಆಗುವ ಕೆಲಸ ಒಳಗೆ ಕೂತ ಮೇಲೆ ಎರಡು ದಿನ ಹಿಡಿಯುತ್ತದೆ, ಆದ್ದರಿಂದ ಅವಸರ ಮಾಡಬೇಡಿ.

ಕೂರಿಸುವುದಕ್ಕೆ ಬೇಕಾದ ಭಾಗಗಳನ್ನು ಸಿದ್ಧವಾಗಿಯೇ ಮಾರುತ್ತಾರೆ. ಸುಬಾರು ಎಂಜಿನ್ನನ್ನೂ ಫೋಕ್ಸ್‌ವ್ಯಾಗನ್ ಗೇರ್‌ಬಾಕ್ಸನ್ನೂ ಬೆಸೆಯುವ ಅಡಾಪ್ಟರ್ ಪ್ಲೇಟು, ಅದಕ್ಕೆ ಹೊಂದುವ ಫ್ಲೈವೀಲು, ಎಂಜಿನ್ನಿನ ಹಿಂತುದಿಯನ್ನು ಹೊರುವ ಅಡ್ಡಪಟ್ಟಿ, ಹೊಸ ಎಕ್ಸಾಸ್ಟ್ ಕೊಳವೆಗಳು. ಸುಬಾರುವಿನ ಆಯಿಲ್ ಪ್ಯಾನು ತುಸು ಆಳವಾಗಿರುವುದರಿಂದ, ಹಾಗೆಯೇ ಬಿಟ್ಟರೆ ರಸ್ತೆಯ ಉಬ್ಬುಗಳಿಗೆ ತಗಲುತ್ತದೆ. ಅದನ್ನು ಕತ್ತರಿಸಿ ಗಿಡ್ಡಮಾಡಿ ಬೆಸುಗೆ ಹಾಕಿದ ಪ್ಯಾನು, ಅದರೊಳಗೆ ಗಿಡ್ಡಮಾಡಿದ ಆಯಿಲ್ ಹೀರುವ ಕೊಳವೆ. ಇನ್ನೊಂದು ಮುಖ್ಯ ಭಾಗ, ತಿರುಗಿಸಿದ ನೀರಿನ ಮ್ಯಾನಿಫೋಲ್ಡು. ಸುಬಾರು ಕಾರಿನಲ್ಲಿ ಎಂಜಿನ್ ಮುಂದಿದ್ದು ಬೆಲ್ಟಿನ ಕಡೆಯಿಂದ ನೀರು ಹೊರಬಿದ್ದರೆ ರೇಡಿಯೇಟರ್ ಅಲ್ಲೇ ಎದುರಿಗಿರುತ್ತದೆ. ವ್ಯಾನಿನಲ್ಲಿ ಎಂಜಿನ್ ಬೆನ್ನು ತಿರುಗಿಸಿ ಕೂರುತ್ತದೆ, ಬೆಲ್ಟಿನ ಕಡೆ ಹಿಂಬಂಪರಿಗೆ ಮುಖಮಾಡುತ್ತದೆ, ರೇಡಿಯೇಟರ್ ಗಾಡಿಯ ಆಚೆ ತುದಿಯಲ್ಲಿರುತ್ತದೆ. ಆದ್ದರಿಂದ ನೀರು ಹೊರಬೀಳುವ ಬಾಯಿಯನ್ನೇ ಹಿಂದುಮುಂದು ಮಾಡಬೇಕು. ಇದನ್ನೆಲ್ಲ ಜೋಡಿಸಿ ಎಂಜಿನ್ನನ್ನು ಮೇಲೇರಿಸಿದಾಗ, ಗೇರ್‌ಬಾಕ್ಸಿನ ದಂಡವು ಕ್ಲಚ್ ತಟ್ಟೆಯ ಹಲ್ಲುಗಳೊಳಗೆ ಹೊಕ್ಕು, ಎರಡೂ ಲೋಹದ ಮುಖಗಳು ‘ಟಕ್’ ಎಂದು ಒಂದಾದ ಸದ್ದು ಕೇಳಿ ನನ್ನ ಮಗಳು ಚಪ್ಪಾಳೆ ತಟ್ಟಿದಳು.

ವೈರಿಂಗ್ ಕೆಲಸವನ್ನು ನಾನು ಊಟದ ಮೇಜಿನ ಮೇಲೆ ಮಾಡಿದೆ. ಕಾರಿನಿಂದ ಬಿಚ್ಚಿ ತಂದ ಹಾರ್ನೆಸ್ಸು, ಎಂದರೆ ತಂತಿಗಳ ಕಟ್ಟು, ಮೀನುಗಾರರ ಬಲೆಯಷ್ಟಿತ್ತು. ಕಿಟಕಿ, ದೀಪ, ಎಸಿಗಳಿಗೆ ಹೋಗುವ ತಂತಿಗಳನ್ನು ಒಂದೊಂದಾಗಿ ಗುರುತಿಸಿ ತೆಗೆದು, ಕಂಪ್ಯೂಟರು, ಇಂಜೆಕ್ಟರು, ಇಗ್ನಿಷನ್ನು, ಸೆನ್ಸರು, ಪೆಟ್ರೋಲ್ ಪಂಪಿನ ರಿಲೇ, ಎಂಜಿನ್ ತಪಾಸಣೆಯ ದೀಪ ಇಷ್ಟನ್ನು ಉಳಿಸಿಕೊಳ್ಳಬೇಕು. ಕತ್ತರಿ ಹಾಕುವ ಮುನ್ನ ಪ್ರತಿ ತಂತಿಯನ್ನೂ ಸರ್ವಿಸ್ ಕೈಪಿಡಿಯ ನಕ್ಷೆಯೊಡನೆ ಎರಡೆರಡು ಸಲ ತಾಳೆ ನೋಡಿ, ಕಾಗದದ ಚೀಟಿ ಕಟ್ಟುತ್ತ ಹೋದೆ. ನಾಲ್ಕು ವಾರ ನಾವು ಸೋಫಾದ ಮೇಲೆ ಕೂತು ಊಟ ಮಾಡಿದೆವು. ಹೆಂಡತಿ ಒಂದು ಮಾತನ್ನೂ ಆಡಲಿಲ್ಲ, ಅದಕ್ಕೆ ನಾನು ಅವಳಿಗೆ ಋಣಿ.

2022ರ ಮಾರ್ಚ್ ತಿಂಗಳ ಒಂದು ಸಂಜೆ, ಕೀಲಿ ತಿರುಗಿಸಿದಾಗ ಎಂಜಿನ್ ಎರಡನೆಯ ಸುತ್ತಿಗೇ ಹಿಡಿದುಕೊಂಡಿತು. ಅದರ ನಡುಕವಿಲ್ಲದ ಸದ್ದು ಕೇಳಿ ಕಣ್ಣು ತುಂಬಿ ಬಂದದ್ದನ್ನು ಇಲ್ಲಿ ಹೇಳಿಕೊಳ್ಳಲು ಸಂಕೋಚವಿಲ್ಲ. ಆದರೆ ಮೊದಲ ಸುತ್ತಾಟದಲ್ಲೇ ಒಂದು ತೊಂದರೆ ಕಾಣಿಸಿತು. ಓಡುವಾಗ ಚೆನ್ನಾಗಿದ್ದ ಎಂಜಿನ್, ಸಿಗ್ನಲ್ಲಿನ ಹತ್ತಿರ ಕ್ಲಚ್ ಒತ್ತಿ ನಿಧಾನ ಮಾಡಿದೊಡನೆ ಆರಿಹೋಗುತ್ತಿತ್ತು. ಆ ಕಾಲದ ಸುಬಾರುವಿನಲ್ಲಿ ತಪ್ಪನ್ನು ಓದಲು ಯಾವ ಉಪಕರಣವೂ ಬೇಕಿಲ್ಲ, ಪರೀಕ್ಷೆಗೆಂದು ಇಟ್ಟಿರುವ ತಂತಿಯ ಜೋಡಿಯನ್ನು ಸೇರಿಸಿದರೆ ದೀಪವೇ ಮಿನುಗಿ ಹೇಳುತ್ತದೆ. ಉದ್ದನೆಯ ಮಿನುಗು ಹತ್ತು, ಗಿಡ್ಡನೆಯದು ಒಂದು. ಮೂರು ಉದ್ದ, ಮೂರು ಗಿಡ್ಡ: 33. ಗಾಡಿಯ ವೇಗ ಕಂಪ್ಯೂಟರಿಗೆ ತಿಳಿಯುತ್ತಿಲ್ಲ ಎಂದರ್ಥ. ವ್ಯಾನಗನ್‌ನಲ್ಲಿ ಸ್ಪೀಡೋಮೀಟರಿನ ಕೇಬಲ್ ಹೊರಡುವುದು ಮುಂದಿನ ಎಡಚಕ್ರದ ಗುಂಬದಿಂದ. ಆ ಕೇಬಲ್ಲಿಗೆ ಪುಟ್ಟ ಅಯಸ್ಕಾಂತದ ಸೆನ್ಸರೊಂದನ್ನು ನಾನು ಸೇರಿಸಿದ್ದೆನಾದರೂ, ಅದರ ಅರ್ತ್ ತಂತಿಯನ್ನು ಬಣ್ಣ ಕೆರೆಯದ ಬೋಲ್ಟಿಗೆ ಕಟ್ಟಿದ್ದೆ. ಉಜ್ಜುಕಾಗದದಿಂದ ನಾಲ್ಕು ಸಲ ಉಜ್ಜಿ ಮತ್ತೆ ಕಟ್ಟಿದ ಮೇಲೆ ಎಂಜಿನ್ ಸಿಗ್ನಲ್ಲಿನಲ್ಲಿ ಆರಲಿಲ್ಲ.

ನಿಜವಾದ ಕಷ್ಟ ಶುರುವಾದದ್ದು ಮೇ ತಿಂಗಳಿನಲ್ಲಿ. ಏಪ್ರಿಲ್ ಮುಗಿಯುವವರೆಗೆ ನಾವು ಚಳಿಯಲ್ಲಿ ಹೀಟರ್ ಹಾಕಿಕೊಂಡೇ ಓಡಾಡಿದ್ದೆವು, ತಾಪದ ಮುಳ್ಳು ಮಾಪಕದ ನಡುವಿನ ಕೆಂಪು ದೀಪವನ್ನು ಮುಚ್ಚಿಕೊಂಡು ನಿಂತಿರುತ್ತಿತ್ತು. ವ್ಯಾನಗನ್‌ನಲ್ಲಿ ಅದೇ ಆರೋಗ್ಯದ ಗುರುತು. ಮೇ ತಿಂಗಳ ಮೊದಲ ಬಿಸಿಲಿನ ದಿನ, ಸಪಾಟು ರಸ್ತೆಯಲ್ಲಿ, ಮುಳ್ಳು ದೀಪವನ್ನು ದಾಟಿ ಮೇಲೆ ಹೋಯಿತು. ಗಾಳಿ ಸೇರಿಕೊಂಡಿದೆಯೆಂದು ಮೊದಲು ಅಂದುಕೊಂಡೆ. ಈ ಗಾಡಿಯಲ್ಲಿ ನೀರು ಎಂಜಿನ್ನಿನಿಂದ ಹೊರಟು ಮುಂದಿನ ಮೂತಿ ಮುಟ್ಟಿ ಹಿಂದಿರುಗಬೇಕು, ಒಟ್ಟು ಹದಿನಾರು ಲೀಟರಿನಷ್ಟು ಕೂಲೆಂಟ್ ಹಿಡಿಯುತ್ತದೆ, ಉದ್ದದ ಕೊಳವೆಗಳಲ್ಲಿ ಎಲ್ಲಿ ಬೇಕಾದರೂ ಗುಳ್ಳೆ ಸಿಕ್ಕಿಕೊಳ್ಳಬಹುದು. ಮುಂಭಾಗವನ್ನು ಜಾಕಿನಿಂದ ಒಂದೂವರೆ ಅಡಿ ಎತ್ತಿ, ರೇಡಿಯೇಟರಿನ ತಲೆಯಲ್ಲಿರುವ ಗಾಳಿಯ ಸ್ಕ್ರೂ ಸಡಿಲಿಸಿ, ಎಂಜಿನ್ನನ್ನು ಓಡಿಸುತ್ತ, ಹಿಂದಿನ ತೊಟ್ಟಿಗೆ ಕೂಲೆಂಟ್ ಹೊಯ್ಯುತ್ತ ಹೋದೆ. ಸ್ಕ್ರೂವಿನ ಬಾಯಿಂದ ಗುಳ್ಳೆಯಿಲ್ಲದ ಧಾರೆ ಬಂದ ಮೇಲೆ ಬಿಗಿದೆ. ಮರುದಿನ ಮತ್ತೆ ಅದೇ ಕಥೆ. ಮೂರು ಶನಿವಾರ ಇದನ್ನೇ ಮಾಡಿದೆ. ಥರ್ಮೋಸ್ಟಾಟನ್ನು ತೆಗೆದು ಅಡುಗೆಮನೆಯಲ್ಲಿ ಕುದಿಯುವ ನೀರಿಗೆ ಹಾಕಿ ನೋಡಿದೆ, ಸರಿಯಾಗಿಯೇ ಬಾಯಿ ತೆರೆಯಿತು.

ನಾಲ್ಕನೆಯ ಶನಿವಾರ, ಮುಳ್ಳು ಏರುತ್ತಿರುವಾಗ ಗಾಡಿ ನಿಲ್ಲಿಸಿ ಕೆಳಗಿಳಿದೆ. ಆಗ ಒಂದು ಮೌನ ಗಮನಕ್ಕೆ ಬಂತು: ಮುಂದಿನ ಫ್ಯಾನು ತಿರುಗುತ್ತಿರಲಿಲ್ಲ. ಎಂಜಿನ್ ಇಷ್ಟು ಬಿಸಿಯಾಗಿದ್ದರೆ ಫ್ಯಾನು ಬೊಬ್ಬೆ ಹೊಡೆಯಬೇಕಿತ್ತು. ಫ್ಯಾನಿಗೆ ಆಜ್ಞೆ ಕೊಡುವ ಸ್ವಿಚ್ಚು ರೇಡಿಯೇಟರಿನ ಮೈಗೇ ಅಂಟಿಕೊಂಡಿದೆ. ಬೊನೆಟ್ಟಿಲ್ಲದ ಈ ಗಾಡಿಯ ಮುಂದಿನ ಜಾಲರಿ ಬಿಚ್ಚಿ ರೇಡಿಯೇಟರಿನ ಮೇಲೆ ಅಂಗೈ ಇಟ್ಟೆ. ಬೆಳಗಿನ ಕಲ್ಲಿನಷ್ಟು ತಣ್ಣಗಿತ್ತು. ಹಿಂದೆ ಹೋಗಿ ಕೊಳವೆಗಳನ್ನು ಮುಟ್ಟಿದೆ: ಎಂಜಿನ್ನಿನ ಮೇಲಿನ ಕೊಳವೆ ಬೆರಳಿಡಲಾಗದಷ್ಟು ಸುಡುತ್ತಿತ್ತು, ಥರ್ಮೋಸ್ಟಾಟಿಗೆ ಹಿಂದಿರುಗುವ ಕೊಳವೆ ತಣ್ಣಗಿತ್ತು. ನೀರು ಎಲ್ಲಿ ಹೋಯಿತು ನೋಡು. ನೀರು ಎಲ್ಲಿಗೂ ಹೋಗಿರಲಿಲ್ಲ, ಎಂಜಿನ್ನಿನೊಳಗೇ ನಿಂತು ಕುದಿಯುತ್ತಿತ್ತು.

ಕಾರಣ ಹೊಳೆದದ್ದು ಆ ರಾತ್ರಿ. ಬಹಳಷ್ಟು ಹಳೆಯ ಎಂಜಿನ್ನುಗಳಲ್ಲಿ ಥರ್ಮೋಸ್ಟಾಟ್ ಇರುವುದು ನೀರು ಹೊರಹೋಗುವ ಬಾಯಲ್ಲಿ. ಸುಬಾರುವಿನಲ್ಲಿ ಅದು ಎಂಜಿನ್ನಿನ ತಳದಲ್ಲಿ, ನೀರು ಪಂಪಿಗೆ ಒಳಬರುವ ಬಾಯಲ್ಲಿದೆ. ಎಂಜಿನ್ ಎಷ್ಟು ಬಿಸಿಯಾಗಿದೆಯೆಂದು ಅದಕ್ಕೆ ತಿಳಿಯಬೇಕಾದರೆ, ಬಿಸಿನೀರಿನ ಒಂದು ಕವಲು ಯಾವಾಗಲೂ ಅದರ ಮೈಗೆ ತಾಗುತ್ತಿರಬೇಕು. ಸುಬಾರು ಕಾರಿನಲ್ಲಿ ಆ ಕವಲೇ ಹೀಟರಿನ ದಾರಿ, ಅಲ್ಲಿ ನೀರಿಗೆ ತಡೆಯೇ ಇಲ್ಲ. ವ್ಯಾನಗನ್‌ನಲ್ಲಿ ಹಾಗಲ್ಲ: ಹೀಟರಿನ ಹಿಡಿಕೆಯನ್ನು ತಣ್ಣನೆಯ ಕಡೆಗೆ ಸರಿಸಿದರೆ ಕವಾಟ ಮುಚ್ಚಿ ನೀರು ನಿಲ್ಲುತ್ತದೆ. ಚಳಿಗಾಲದಲ್ಲಿ ಹೀಟರ್ ತೆರೆದಿತ್ತು, ಥರ್ಮೋಸ್ಟಾಟಿಗೆ ಸುದ್ದಿ ಮುಟ್ಟುತ್ತಿತ್ತು. ಬೇಸಿಗೆಯಲ್ಲಿ ನಾವು ಹೀಟರ್ ಮುಚ್ಚಿದೆವು, ಸುದ್ದಿ ನಿಂತುಹೋಯಿತು. ಎಂಜಿನ್ ಕುದಿಯುತ್ತಿದ್ದರೂ ಬಾಗಿಲಲ್ಲಿರುವ ಕಾವಲುಗಾರನಿಗೆ ಏನೂ ತಿಳಿಯದೆ ಅವನು ಬಾಗಿಲು ತೆರೆಯಲಿಲ್ಲ, ರೇಡಿಯೇಟರಿಗೆ ಬಿಸಿನೀರು ಹೋಗಲಿಲ್ಲ, ಫ್ಯಾನು ತಿರುಗಲಿಲ್ಲ. ಒಂದಕ್ಕೊಂದು ಕೊಂಡಿ ಹಾಕಿಕೊಂಡಿದ್ದ ಈ ಮೂರು ಲಕ್ಷಣಗಳನ್ನು ನಾನು ಬಿಡಿಬಿಡಿಯಾಗಿ ನೋಡುತ್ತ ಒಂದು ತಿಂಗಳು ಕಳೆದಿದ್ದೆ. ಮರುದಿನ ಹೀಟರಿಗೆ ಹೋಗುವ ಕೊಳವೆಗೂ ಅಲ್ಲಿಂದ ಹಿಂದಿರುಗುವ ಕೊಳವೆಗೂ ಎಂಜಿನ್ನಿನ ಹತ್ತಿರವೇ ಒಂದೊಂದು ಹಿತ್ತಾಳೆಯ ಕವಲು ಕೂರಿಸಿ, ನಡುವೆ ಒಂದು ಗೇಣಿನಷ್ಟು ಉದ್ದದ ಹೋಸ್ ಜೋಡಿಸಿದೆ. ಹೀಟರ್ ಮುಚ್ಚಿದ್ದರೂ ತೆರೆದಿದ್ದರೂ ಈಗ ಒಂದು ಪಾಲು ಬಿಸಿನೀರು ತಿರುಗುತ್ತಲೇ ಇರುತ್ತದೆ. ಇದಕ್ಕೆ ತಗಲಿದ ಖರ್ಚು ಹದಿನೆಂಟು ಡಾಲರು. ಅಂದು ಮಧ್ಯಾಹ್ನ ಮುಳ್ಳು ಕೆಂಪು ದೀಪವನ್ನು ಮುಚ್ಚಿ ನಿಂತಿತು, ಸ್ವಲ್ಪ ಹೊತ್ತಿಗೆ ಮುಂದಿನ ಫ್ಯಾನು ಗುಂಯ್ ಎಂದು ಶುರುವಾಯಿತು.

ಇನ್ನು ಉಳಿದದ್ದು ಕಾನೂನು. ನಮ್ಮ ಊರಿನಲ್ಲಿ, ಎಂದರೆ ಭಾರತದಲ್ಲಿ, ಇಂತಹ ಕೆಲಸಕ್ಕೆ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಅಡ್ಡ ಬರುತ್ತದೆ. ಬೇರೆ ಕಂಪನಿಯ ಎಂಜಿನ್ ಕೂರಿಸಿ ರಸ್ತೆಗಿಳಿಸುವುದು ಸುಲಭದ ಮಾತಲ್ಲ. ಕ್ಯಾಲಿಫೋರ್ನಿಯಾದಲ್ಲಿ ದಾರಿಯಿದೆ, ಆದರೆ ಆ ದಾರಿ ರೆಫರಿಯ ಮುಂದೆ ಹಾದುಹೋಗುತ್ತದೆ. ಎಂಜಿನ್ ಬದಲಾದ ಗಾಡಿಗೆ ಮಾಮೂಲಿ ಹೊಗೆ ತಪಾಸಣೆಯ ಕೇಂದ್ರ ಸಾಲದು. ರಾಜ್ಯದ ಬ್ಯೂರೋ ಆಫ್ ಆಟೋಮೋಟಿವ್ ರಿಪೇರ್ ನೇಮಿಸಿದ ರೆಫರಿಯೇ ನೋಡಬೇಕು. ನನ್ನ ರೆಫರಿ ಒಂದು ಸಮುದಾಯ ಕಾಲೇಜಿನ ಆಟೋ ವಿಭಾಗದಲ್ಲಿ ಕೂರುತ್ತಿದ್ದರು. ಮುಕ್ಕಾಲು ಗಂಟೆ ಟಾರ್ಚು ಹಿಡಿದು ಎಂಜಿನ್ ಗೂಡಿನೊಳಗೆ ನೋಡಿದರು, ಹೊಗೆಯನ್ನು ಶುದ್ಧ ಮಾಡುವ ಕ್ಯಾಟಲಿಟಿಕ್ ಕನ್ವರ್ಟರಿನ ಮೈಮೇಲೆ ಅಚ್ಚೊತ್ತಿದ ಅನುಮತಿಯ ಸಂಖ್ಯೆ ಓದಿಕೊಂಡರು, ಕೊನೆಗೆ ಇದ್ದಿಲ ಡಬ್ಬಿಯಿಂದ ಬರುವ ಒಂದು ಸಣ್ಣ ನಿರ್ವಾತದ ಹೋಸನ್ನು ಬೆರಳಲ್ಲಿ ಹಿಡಿದು, ಇದು ನಕ್ಷೆಯಲ್ಲಿರುವ ಬಾಯಿಗೆ ಸೇರಿಲ್ಲ ಎಂದರು. ಅವರು ಹೇಳಿದ್ದು ಸರಿಯಾಗಿತ್ತು, ತಪ್ಪು ನನ್ನದು. ಎರಡು ವಾರ ಬಿಟ್ಟು ಮತ್ತೆ ಹೋದೆ. ಈ ಸಲ ಗಾಡಿಯನ್ನು ರೋಲರುಗಳ ಮೇಲೆ ಗಂಟೆಗೆ 15 ಮೈಲಿ ಮತ್ತು 25 ಮೈಲಿ ವೇಗದಲ್ಲಿ ಓಡಿಸಿ ಹೊಗೆ ಅಳೆದರು. ಹಳೆಯ ಎಂಜಿನ್ ಹಿಂದಿನ ತಪಾಸಣೆಯಲ್ಲಿ ತೇಲುತ್ತ ಮುಳುಗುತ್ತ ಪಾಸಾಗಿತ್ತು. ಇದು ಮಿತಿಯ ಬಹಳ ಕೆಳಗಿತ್ತು. ಗಾಡಿಯ ಮೇಲೆ ಹೊಸ ಎಂಜಿನ್ನಿನ ವಿವರವಿರುವ ಚೀಟಿ ಅಂಟಿತು. ಮುಂದೆ ಎರಡು ವರ್ಷಕ್ಕೊಮ್ಮೆ ಆ ಚೀಟಿ ತೋರಿಸಿದರೆ ಯಾವ ಕೇಂದ್ರದಲ್ಲಾದರೂ ತಪಾಸಣೆ ಮಾಡುತ್ತಾರೆ.

2022ರ ಸೆಪ್ಟೆಂಬರಿನಲ್ಲಿ ಅದೇ ಸಾಮಾನು, ಅದೇ ಜನ, ಅದೇ 120ನೇ ಹೆದ್ದಾರಿ. ಪ್ರೀಸ್ಟ್ ಗ್ರೇಡನ್ನು ಮೂರನೆಯ ಗೇರಿನಲ್ಲಿ ಹತ್ತಿದೆವು, ಎರಡು ಕಡಿದಾದ ತಿರುವುಗಳಲ್ಲಿ ಮಾತ್ರ ಎರಡಕ್ಕೆ ಇಳಿಸಬೇಕಾಯಿತು. ಸುಮಾರು 3,030 ಮೀಟರ್ ಎತ್ತರದ ಟಿಯೋಗಾ ಪಾಸಿನವರೆಗೂ ಗಾಡಿ ಎಲ್ಲಿಯೂ ಏದುಸಿರು ಬಿಡಲಿಲ್ಲ. ವೇಗಕ್ಕಾಗಿ ಈ ಕೆಲಸ ಮಾಡಿದವನಲ್ಲ ನಾನು, ಈಗಲೂ ಹೆದ್ದಾರಿಯಲ್ಲಿ ಗಂಟೆಗೆ 65 ಮೈಲಿಗಿಂತ ಮೇಲೆ ಓಡಿಸುವುದಿಲ್ಲ. ಆ ವೇಗದಲ್ಲಿ ಎಂಜಿನ್ ನಿಮಿಷಕ್ಕೆ 3,700 ಸುತ್ತಿನ ಆಸುಪಾಸಿನಲ್ಲಿರುತ್ತದೆ, ಗೇರಿನ ಅನುಪಾತ ಹಳೆಯದೇ ಆದ್ದರಿಂದ ಸದ್ದು ಇದ್ದೇ ಇದೆ. ನನಗೆ ಬೇಕಿದ್ದದ್ದು ಘಾಟಿಯಲ್ಲಿ ಹಿಂದಿನವರಿಗೆ ದಾರಿ ಕೊಡುವಷ್ಟು ಪಿಕಪ್ಪು, ಮಕ್ಕಳನ್ನು ರಸ್ತೆಯಂಚಿನಲ್ಲಿ ನಿಲ್ಲಿಸಬೇಕಾಗದ ಧೈರ್ಯ. ಅಷ್ಟು ಸಿಕ್ಕಿದೆ.

ಎಂಜಿನ್ ಮುಚ್ಚಳದ ಒಳಮೈಗೆ ನಾನು ಒಂದು ಕಾಗದ ಅಂಟಿಸಿದ್ದೇನೆ. ಅದರಲ್ಲಿ ನೀರಿನ ದಾರಿಯ ನಕ್ಷೆಯಿದೆ: ಬಿಸಿನೀರಿನ ಕೊಳವೆ ಕೆಂಪು ಮಸಿಯಲ್ಲಿ, ತಣ್ಣೀರಿನದು ನೀಲಿಯಲ್ಲಿ, ಹಿತ್ತಾಳೆಯ ಎರಡು ಕವಲುಗಳ ಸುತ್ತ ಒಂದು ವೃತ್ತ. ಕೆಳಗೆ ಟೈಮಿಂಗ್ ಬೆಲ್ಟ್ ಹಾಕಿದ ತಾರೀಖು ಮತ್ತು ಮುಂದಿನದು ಎಷ್ಟು ಮೈಲಿಗೆ ಎಂಬ ಲೆಕ್ಕ. ನಾಳೆ ಈ ಗಾಡಿ ಬೇರೆಯವರ ಕೈ ಸೇರಿದರೆ ಓದಲಿಕ್ಕಾಗಲೆಂದು ಎಲ್ಲವನ್ನೂ ಇಂಗ್ಲಿಷಿನಲ್ಲಿ ಬರೆದಿದ್ದೇನೆ, ಮಗಳು ಅದರ ಪಕ್ಕದಲ್ಲಿ ಕನ್ನಡದಲ್ಲಿಯೂ ಬರೆದಿದ್ದಾಳೆ.